ಹೆಬ್ಬೆರಳಿನ ಅಣೆಕಟ್ಟು

ಮನೆಯ ಹೊರಗಿನ ನಲ್ಲಿ ಒಂದು ವರ್ಷದಿಂದ ತೊಟ್ಟಿಕ್ಕುತ್ತಿತ್ತು. ವಾಷರ್ ಬದಲಾಯಿಸಿದೆ, ಬಟ್ಟೆ ಚೂರು ಸುತ್ತಿದೆ, ಕೊನೆಗೆ ಕೆಳಗೊಂದು ಬಕೆಟ್ ಇಟ್ಟು ಅದನ್ನೇ ರಿಪೇರಿ ಎಂದುಕೊಂಡೆ. ಪ್ಲಂಬರ್ ‘ಈಗ್ ಬಂದೆ ಸಾರ್’ ಅಂದು ಮೂರು ಭಾನುವಾರ ಕಳೆದವು. ಅರ್ಧ ಇಂಚಿನ ಹಿತ್ತಾಳೆ ನಲ್ಲಿ, ಪೈಪ್ ರೆಂಚು, ಒಂದು ಸುರುಳಿ ಟೆಫ್ಲಾನ್ ಟೇಪು ತಂದು ನಾನೇ ಟೊಂಕ ಕಟ್ಟಿದೆ.

ತಾರಸಿಯ ಗೇಟ್ ವಾಲ್ವ್ ಮುಚ್ಚಿದೆ, ಹಳೆಯದನ್ನು ಬಿಚ್ಚಿದೆ, ಟೇಪು ಸುತ್ತಿ ಹೊಸದನ್ನು ಕೂರಿಸಿದೆ, ವಾಲ್ವ್ ತೆರೆದೆ, ಹೆಂಡತಿಯನ್ನು ಕರೆದೆ. ಬಾಯಿಂದ ಸೋರುತ್ತಿದ್ದದ್ದು ಈಗ ಬುಡದಿಂದ ಸೋರುತ್ತಿತ್ತು. “ಜಾಗ ಬದಲಾಯಿಸಿದ್ದೀರಿ, ಅಷ್ಟೇ,” ಎಂದು ಅವಳು ಒಳಗೆ ಹೋಗಿ ಮಿಕ್ಸಿ ಹಾಕಿದಳು.

ಅವಮಾನವಾದವನಿಗೆ ವಾಲ್ವ್ ಎಲ್ಲಿ ನೆನಪಾಗುತ್ತದೆ? ಇನ್ನೆರಡು ಸುತ್ತು ಟೇಪು ಹಾಕೋಣವೆಂದು ನಲ್ಲಿ ತಿರುಗಿಸಿದೆ. ನಲ್ಲಿ ಕೈಗೆ ಬಂತು, ಸಾವಿರ ಲೀಟರಿನ ಟ್ಯಾಂಕು ಮುಖಕ್ಕೆ ಬಂತು.

ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದೆ. ನೀರು ನಿಂತಿತು. ನಾನೂ ನಿಂತೆ. ಬೆರಳು ತೆಗೆದರೆ ಪ್ರಳಯ, ತೆಗೆಯದೆ ತಾರಸಿ ಹತ್ತುವಂತಿಲ್ಲ. ಗೋವರ್ಧನ ಎತ್ತಿದ ಕೃಷ್ಣನಿಗೆ ಗೊಲ್ಲರೆಲ್ಲ ಕೋಲು ಆನಿಸಿದ್ದರಂತೆ. ನನಗೆ ಒದಗಿದವರು ಪಕ್ಕದ ಮನೆಯ ರಾಯರು. ಕಾಂಪೌಂಡಿನಾಚೆಯಿಂದ ಇಣುಕಿ, “ಏನ್ ಸಾರ್, ನಲ್ಲಿ ರಿಪೇರಿನಾ?” ಎಂದರು.

“ಮೇಲೆ ವಾಲ್ವ್ ಮುಚ್ಚಿ ಸಾರ್!”

“ಹಿತ್ತಾಳೆ ಯಾಕ್ ತಂದ್ರಿ? ಪ್ಲಾಸ್ಟಿಕ್ಕೇ ವಾಸಿ. ನಮ್ಮ ಷಡ್ಡಕರ ಮನೇಲಿ...”

ಷಡ್ಡಕರ ಮನೆಯ ಆರು ನಲ್ಲಿಗಳ ಚರಿತ್ರೆ ಮೊದಲಾಯಿತು. ಎರಡನೆಯ ನಲ್ಲಿಗೆ ಬೆರಳು ಮರಗಟ್ಟಿತು. ನಾಲ್ಕನೆಯದಕ್ಕೆ ಮಿಕ್ಸಿ ನಿಂತಿತು, ಕೂಗಲು ಬಾಯಿ ತೆರೆದೆ, ಮಿಕ್ಸಿ ಮತ್ತೆ ಹೊರಟಿತು. ಐದನೆಯದಕ್ಕೆ ಮೂಗಿನ ಮೇಲೆ ಸೊಳ್ಳೆ ಕೂತಿತು. ಅದನ್ನು ಓಡಿಸಲು ತಲೆ ಕೊಡವಿದಾಗ ಬೆರಳು ನೂಲಿನಷ್ಟು ಜಾರಿ, ನೀರು ಬೀಸಣಿಗೆಯಾಗಿ ಹರಡಿ, ರಾಯರ ಬನಿಯನ್ ತೊಯ್ದುಹೋಯಿತು. ಸುಳ್ಳೇಕೆ ಹೇಳಲಿ, ಅಷ್ಟು ಹೊತ್ತಿನಲ್ಲಿ ಸುಖವೆನಿಸಿದ್ದು ಅದೊಂದೇ.

ಆದರೆ ನೀರು ಚರಂಡಿಗೆ ಓಡುವುದು ಕಂಡು ಆ ಸುಖವೂ ಇಳಿಯಿತು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳ ಪಂಪು ದಾಟಿ, ಸುಮಾರು 100 ಕಿಲೋಮೀಟರ್ ನಡೆದು, 500 ಮೀಟರಿನಷ್ಟು ಎತ್ತರ ಹತ್ತಿ ಬೆಂಗಳೂರಿಗೆ ಬಂದ ಕಾವೇರಿ ಅದು. 2024ರ ಬೇಸಿಗೆಯಲ್ಲಿ ಇದೇ ಬಕೆಟ್ ಹಿಡಿದು ಟ್ಯಾಂಕರಿಗೆ ಕಾದವನು ನಾನು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಾಗ ಚಪ್ಪಾಳೆ ತಟ್ಟಿದವನೂ ನಾನೇ.

ಕೊನೆಗೆ ವಾಲ್ವ್ ಮುಚ್ಚಿದವಳು ಹೆಂಡತಿ. ಮರುದಿನ ಪ್ಲಂಬರ್ ಬಂದ. ನಲ್ಲಿಯನ್ನು ತಿರುಗಿಸಿ ನೋಡಿ, “ಟೇಪು ಉಲ್ಟಾ ಸುತ್ತವ್ನೆ ಸಾರ್, ಬಿಗಿ ಮಾಡಿದಂಗೆಲ್ಲ ಬಿಚ್ಕೊಳ್ತದೆ. ಯಾವ ಬೆಪ್ಪ ಮಾಡಿದ್ದು?” ಎಂದ.

“ಯಾರೋ ಏನೋಪ್ಪ,” ಎಂದೆ. “ಅಂಥವರನ್ನ ಮನೆಯೊಳಗೇ ಸೇರಿಸಬಾರದು.”

ಅಂದಮೇಲೆ ಗಮನಿಸಿದೆ: ಮಿಕ್ಸಿ ನಿಂತಿತ್ತು.