ಹಸಿ ಮಿಡಿಗೆ ಪ್ರಥಮ ಬಹುಮಾನ

ಮೇ ತಿಂಗಳು ಬಂತು. ಮಲೆನಾಡಿನ ತಾಲ್ಲೂಕು ಕೇಂದ್ರಗಳಿಗೆ ಮೇಳವೂ ಬಂತು. ಹಲಸಿನ ಮೇಳ, ಮಾವಿನ ಮೇಳ, ಎರಡನ್ನೂ ಕಟ್ಟಿಹಾಕಿ ಹಲಸು-ಮಾವು ಮೇಳ. ಪ್ರಾಯೋಜಕರು ಕೈಕೊಟ್ಟರೆ ಬರೀ ಆಹಾರ ಮೇಳ. ಹೆಸರು ಯಾವುದಾದರೇನು? ಶಾಮಿಯಾನ ಅದೇ, ಮೈಕಿನವನು ಅವನೇ, ಭಾಷಣವಂತೂ ಹೋದ ವರ್ಷದ್ದೇ.

ಮೇಳ ಅಂದಮೇಲೆ ಸ್ಪರ್ಧೆ ಇರಬೇಕು. 'ಬೇಸಿಗೆಯಲ್ಲಿ ಮನೆಯಲ್ಲೇ ತಯಾರಿಸಿದ ಸಾಂಪ್ರದಾಯಿಕ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಇತ್ಯಾದಿ. ಮಹಿಳೆಯರಿಗೆ ಮಾತ್ರ. ತೀರ್ಪುಗಾರರ ತೀರ್ಮಾನವೇ ಅಂತಿಮ.'

ಕೊನೆಯ ಸಾಲಿನಲ್ಲಿ ಸುಳ್ಳಿಲ್ಲ. ತೀರ್ಪುಗಾರರು ಚಮಚ ಎತ್ತಿದರೆಂದರೆ ಉಪ್ಪಿನಕಾಯಿಯ ಕತೆ ಅಲ್ಲಿಗೆ ಮುಗಿಯಿತು.

ಆಹ್ವಾನ ಪತ್ರಿಕೆಯಿಂದಲೇ ಶುರುಮಾಡೋಣ. ಅಧ್ಯಕ್ಷತೆ, ಉದ್ಘಾಟನೆ, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು. ಮೂರು ಪುಟದ ತುಂಬ ಗಂಡಸರು. ಉಪ್ಪಿನಕಾಯಿ ಹಾಕುವುದಿರಲಿ, ಜಾಡಿಯ ಮುಚ್ಚಳ ಯಾವ ಕಡೆ ತಿರುಗುತ್ತದೆ ಎಂದು ಕೇಳಿದರೂ ಇವರಲ್ಲಿ ಅರ್ಧ ಮಂದಿ ಹೆಂಡತಿಗೆ ಫೋನು ಮಾಡುತ್ತಾರೆ. ಕೊನೆಯ ಪುಟದ ಕೆಳಗೆ ಒಂದು ಸಾಲು: 'ಪ್ರಾರ್ಥನೆ: ಮಹಿಳಾ ಮಂಡಳಿಯ ಸದಸ್ಯೆಯರು'. ಹೆಸರಿಲ್ಲ. ದೇವರಿಗೆ ಗೊತ್ತಿದ್ದರೆ ಸಾಕಲ್ಲ.

ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಶಾಸಕರು ಹನ್ನೆರಡೂವರೆಗೆ ಬಂದರು. ಹಲಸಿನಹಣ್ಣು ಕೊಯ್ದು ಉದ್ಘಾಟಿಸಬೇಕು. ಕೊಯ್ದರೆ ಮೇಣ ಅಂಟುತ್ತದೆ. ಬಿಳಿ ಅಂಗಿಗೆ ಅಂಟಿದರೆ ಮುಂದಿನ ಚುನಾವಣೆವರೆಗೂ ಹೋಗುವುದಿಲ್ಲ. ಅದಕ್ಕೇ ಹಣ್ಣನ್ನು ಯಾರೋ ಮೊದಲೇ ಕೊಯ್ದು, ಮೇಣ ಒರೆಸಿ, ಎರಡು ಹೋಳನ್ನೂ ಜೋಡಿಸಿ ರಿಬ್ಬನ್ ಕಟ್ಟಿ ಇಟ್ಟಿದ್ದರು. ಶಾಸಕರು ಕತ್ತಿ ತೋರಿಸಿದರು. ಹಣ್ಣು ತಾನಾಗಿ ಬಿಚ್ಚಿಕೊಂಡಿತು. ಚಪ್ಪಾಳೆ.

ಆಮೇಲೆ ಭಾಷಣ. ವಿಷಯ, ಮಹಿಳಾ ಸಬಲೀಕರಣ. ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ವೇದಿಕೆಯ ಹಿಂದೆ, ತಗಡಿನ ಮಾಡಿನ ಕೆಳಗೆ, ಐದಾರು ಹೆಂಗಸರು ಕಾದ ಎಣ್ಣೆಯ ಮುಂದೆ ನಿಂತು ಅತಿಥಿಗಳಿಗೆ ಹಪ್ಪಳ ಕರಿಯುತ್ತಿದ್ದರು. ಸಬಲೀಕರಣ ಅವರ ಕಿವಿಗೂ ಬೀಳಲೆಂದು ಧ್ವನಿವರ್ಧಕವನ್ನು ಆ ಕಡೆಗೂ ತಿರುಗಿಸಿದ್ದರು. ಸೌಜನ್ಯಕ್ಕೆ ನಮ್ಮ ಊರಿನಲ್ಲಿ ಕೊರತೆಯಿಲ್ಲ.

ಈಗ ಸ್ಪರ್ಧೆಗೆ ಬನ್ನಿ.

ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವುದು ಹೇಗೆ ಎಂದು ಈ ಸೀಮೆಯವರಿಗೆ ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ತೀರ್ಪುಗಾರರೂ ಓದಲಿ. ಮಿಡಿಯನ್ನು ತೊಟ್ಟು ಸಮೇತ ಕೊಯ್ಯಬೇಕು. ನೆಲಕ್ಕೆ ಬಿದ್ದು ಏಟು ತಿಂದದ್ದನ್ನು ಆರಿಸಿ ತೆಗೆಯಬೇಕು. ಅಂಥದ್ದು ಒಂದು ಒಳಗೆ ಸೇರಿದರೆ ಇಡೀ ಜಾಡಿ ಹಾಳು. ತೊಳೆದು, ಒರೆಸಿ, ನೀರಿನ ಪಸೆ ಇಲ್ಲದಂತೆ ಆರಿಸಬೇಕು. ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಉಪ್ಪು ಮಿಡಿಯ ನೀರನ್ನು ಹೊರಗೆಳೆಯುತ್ತದೆ. ದಿನ ಕಳೆದಂತೆ ಮಿಡಿ ಮುರುಟಿಕೊಳ್ಳುತ್ತದೆ, ಜಾಡಿಯಲ್ಲಿ ಉಪ್ಪುನೀರು ಏರುತ್ತದೆ. ಆ ನೀರನ್ನು ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಸಾಸಿವೆ, ಮೆಣಸು, ಅರಿಸಿನ ರುಬ್ಬಿ ಹಾಕಿ, ಬಾಯಿಗೆ ಬಟ್ಟೆ ಬಿಗಿದು ಕತ್ತಲೆಯಲ್ಲಿಡಬೇಕು. ಎಣ್ಣೆಯ ಗೊಡವೆಯಿಲ್ಲ. ಮಳೆಗಾಲ ಹಿಡಿದು, ಸೊನೆಯ ಪರಿಮಳ ಖಾರದೊಳಗೆ ಇಳಿದು, ಕಚ್ಚಿದರೆ ಇನ್ನೂ ಕರುಂ ಅನ್ನುವ ಮಿಡಿ ಬಾಯಿಗೆ ಬರಲು ತಿಂಗಳುಗಳು ಬೇಕು. ಚೆನ್ನಾಗಿ ಹಾಕಿದ್ದು ವರ್ಷಗಟ್ಟಲೆ ಇರುತ್ತದೆ.

ಸ್ಪರ್ಧೆಯ ನಿಯಮ: 'ಇದೇ ಹಂಗಾಮಿನಲ್ಲಿ ತಯಾರಿಸಿದ್ದಾಗಿರತಕ್ಕದ್ದು'.

ಏಪ್ರಿಲ್‌ನಲ್ಲಿ ಉಪ್ಪಿಗೆ ಬಿದ್ದ ಮಿಡಿಗೆ ಮೇನಲ್ಲಿ ಬಹುಮಾನ! ಅದಿನ್ನೂ ಉಪ್ಪಿನಕಾಯಿಯೇ ಆಗಿಲ್ಲ. ಹೆರಿಗೆ ಆಸ್ಪತ್ರೆಗೆ ಹೋಗಿ ತೊಟ್ಟಿಲಲ್ಲಿರುವ ಕೂಸುಗಳಿಗೆ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು ಹಂಚಿದಂತಾಯಿತು.

ಕೆಡದೆ ಉಳಿಯಿತೇ? ಉಪ್ಪಿನಕಾಯಿಗೆ ಕೇಳಬೇಕಾದ ಪ್ರಶ್ನೆ ಅದೊಂದೇ. ಆ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಕೇಳುವ ವ್ಯವಸ್ಥೆಗೆ ಸ್ಪರ್ಧೆ ಎಂದು ಹೆಸರು.

ತೀರ್ಪುಗಾರರು ಮೂವರು. ಒಬ್ಬರು ಬ್ಯಾಂಕಿನವರು, ಮೇಳಕ್ಕೆ ದುಡ್ಡು ಕೊಟ್ಟವರು. ಇನ್ನೊಬ್ಬರು ಪೇಟೆಯ ಕಾಲೇಜಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿಸುವವರು. ಮೂರನೆಯವರಿಗೆ ಬಿಪಿ. ಇವರು ಪ್ರತಿ ಜಾಡಿಯ ಮುಂದೆಯೂ ಚಮಚದ ತುದಿ ನಾಲಿಗೆಗೆ ತಾಗಿಸಿ, "ಉಪ್ಪು ಸ್ವಲ್ಪ ಜಾಸ್ತಿ ಆಯ್ತಲ್ಲಮ್ಮ, ಆರೋಗ್ಯಕ್ಕೆ ಒಳ್ಳೇದಲ್ಲ" ಎಂದರು. ಉಪ್ಪಿನಕಾಯಿಯಲ್ಲಿ ಉಪ್ಪು ಜಾಸ್ತಿ! ಉಪ್ಪು ಕಮ್ಮಿಯಾದರೆ ಬೂಷ್ಟು ಬರುತ್ತದೆ ಎಂದು ಒಬ್ಬ ಅಜ್ಜಿ ಹೇಳಲು ಹೋದರು. "ಅಜ್ಜೀ, ಫ್ರಿಜ್ಜಿನಲ್ಲಿಡಿ" ಎಂದು ಉತ್ತರ ಬಂತು. ಫ್ರಿಜ್ಜಿನಲ್ಲಿಡುವುದಾದರೆ ಉಪ್ಪಿನಕಾಯಿ ಏಕೆ ಬೇಕು ಸ್ವಾಮಿ? ಮಿಡಿಯನ್ನೇ ಇಡಬಹುದಿತ್ತು.

ಬಣ್ಣಕ್ಕೂ ಅಂಕ. ಬ್ಯಾಡಗಿ ಮೆಣಸು ರುಬ್ಬಿ ಹಾಕಿದ ಮನೆಯ ಉಪ್ಪಿನಕಾಯಿ ಇಟ್ಟಿಗೆ ಬಣ್ಣಕ್ಕೆ ತಿರುಗುವುದು ಸಹಜ. ತೀರ್ಪುಗಾರರಿಗೆ ಅದು 'ಡಲ್' ಕಂಡಿತು. ಪಕ್ಕದ ಜಾಡಿ ಪಳಪಳ ಕೆಂಪಗಿತ್ತು. ಅದಕ್ಕೆ ಎರಡನೇ ಬಹುಮಾನ. ಆ ಕೆಂಪು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರವೇ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ಆದೇಶ ಹೊರಡಿಸಿದ್ದು ತೀರ್ಪುಗಾರರಿಗೆ ನೆನಪಿದ್ದಂತಿಲ್ಲ. ನೆನಪಿಸಿಕೊಳ್ಳಲು ದೂರ ಹೋಗಬೇಕಿರಲಿಲ್ಲ. ಮೇಳದ ಗೇಟಿನಲ್ಲೇ ಗೋಬಿ ಗಾಡಿ ನಿಂತಿತ್ತು, ಅದೇ ಕೆಂಪಿನಲ್ಲಿ. ಜನವೂ ಅಲ್ಲೇ ಇತ್ತು.

ಹಪ್ಪಳದ್ದು ಇನ್ನೂ ಚೆಂದ. ಹಲಸಿನ ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಕುಟ್ಟಿ, ಉಂಡೆ ಕಟ್ಟಿ, ಮಣೆಯ ಮೇಲೆ ಒತ್ತಿ ಚಾಪೆಯಲ್ಲಿ ಹರಡಿ, ಕಾಗೆಗೂ ಮೋಡಕ್ಕೂ ಏಕಕಾಲಕ್ಕೆ ಕಾವಲು ಕೂತವರ ಹಪ್ಪಳಕ್ಕೆ ಅಂಕ ಕತ್ತರಿಸಿದ್ದು ಏಕೆ ಗೊತ್ತೇ? ಪೂರ್ತಿ ದುಂಡಗಿಲ್ಲವಂತೆ. 2021ರಲ್ಲಿ ದುಂಡು ಹಪ್ಪಳಕ್ಕೆ ತೆರಿಗೆಯಿಲ್ಲ, ಚೌಕ ಹಪ್ಪಳಕ್ಕೆ ಇದೆ ಎಂಬ ಮಾತು ದೇಶವೆಲ್ಲ ಹಬ್ಬಿ, ಕೊನೆಗೆ ಕೇಂದ್ರದ ಪರೋಕ್ಷ ತೆರಿಗೆ ಮಂಡಳಿಯೇ ಬಾಯಿಬಿಟ್ಟು, ಆಕಾರ ಯಾವುದಾದರೂ ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ ಎಂದು ಸ್ಪಷ್ಟಪಡಿಸಬೇಕಾಯಿತು. ದಿಲ್ಲಿಯ ತೆರಿಗೆ ಅಧಿಕಾರಿಗಳಿಗೆ ಅರ್ಥವಾದದ್ದು ನಮ್ಮ ತಾಲ್ಲೂಕಿನ ತೀರ್ಪುಗಾರರಿಗೆ ಅರ್ಥವಾಗಿಲ್ಲ.

ಅಂದಹಾಗೆ ಅತಿ ದುಂಡಗಿದ್ದ ಹಪ್ಪಳ ಗೆದ್ದಿತು. ಅಷ್ಟು ದುಂಡಗೆ, ಅಷ್ಟು ಸಮನಾಗಿ ಒತ್ತಲು ಮನುಷ್ಯರ ಕೈಯಿಂದ ಆಗುವುದಿಲ್ಲ. ಯಂತ್ರದಿಂದ ಆಗುತ್ತದೆ. ಆ ಯಂತ್ರ ಯಾವ ಅಂಗಡಿಯ ಹಿತ್ತಲಲ್ಲಿದೆ ಎಂದು ಊರಿಗೆಲ್ಲ ಗೊತ್ತು. ತೀರ್ಪುಗಾರರು ಪಕ್ಕದ ಊರಿನವರು.

ಪ್ರಥಮ ಬಹುಮಾನದ ಉಪ್ಪಿನಕಾಯಿ ಹೇಗಿತ್ತು ಎನ್ನುತ್ತೀರಾ? ಜಾಡಿಯಲ್ಲಿ ಇರಲಿಲ್ಲ. ಗಾಜಿನ ಬಟ್ಟಲಲ್ಲಿತ್ತು. ಬಟ್ಟಲ ಸುತ್ತ ಕ್ಯಾರೆಟ್ಟಿನಲ್ಲಿ ಕೆತ್ತಿದ ಹೂವು, ಸೌತೆಕಾಯಿಯ ಹಂಸ. ಅಲಂಕಾರಕ್ಕೆ 30 ಅಂಕ, ರುಚಿಗೆ 20. ಹಂಸ ಗೆದ್ದಿತು. ಮಿಡಿಗೆ ಇನ್ನೂ ಸುಕ್ಕು ಬಿದ್ದಿರಲಿಲ್ಲ.

ಇದಲ್ಲದೆ 'ನಾವೀನ್ಯ' ವಿಭಾಗ ಬೇರೆ. ಹಲಸಿನ ಮಂಚೂರಿ, ಹಲಸಿನ ಬಿರಿಯಾನಿ, ಮಾವಿನಕಾಯಿ ಮೊಜಿಟೊ. ಸಂಜೆಯೊಳಗೆ ತಿನ್ನದಿದ್ದರೆ ಹಳಸುವ ಇವು, ಬೇಸಿಗೆಯ ಬೆಳೆಯನ್ನು ಕಾಪಿಡುವ ಸ್ಪರ್ಧೆಗೆ ಬಂದದ್ದು ಹೇಗೆ ಎಂದು ಸಂಘಟಕರೊಬ್ಬರನ್ನು ಕೇಳಿದೆ. "ಯೂತ್ಸ್ ಬರ್ಬೇಕಲ್ಲ ಸರ್" ಎಂದರು. ಯೂತ್ಸ್ ಬಂದಿದ್ದರು. ಗೋಬಿ ಗಾಡಿಯ ಹತ್ತಿರ ಇದ್ದರು.

ಬಹುಮಾನಗಳು: ನಾನ್‌ಸ್ಟಿಕ್ ತವಾ, ಪ್ಲಾಸ್ಟಿಕ್ ಡಬ್ಬಿಗಳ ಸೆಟ್, ಗೋಡೆ ಗಡಿಯಾರ. ಕಲ್ಲುಪ್ಪು, ಪಿಂಗಾಣಿ ಜಾಡಿ ಎಂದು ಬೆಳಗಿನಿಂದ ಹೊಗಳಿದವರು ಸಂಜೆ ಪ್ಲಾಸ್ಟಿಕ್ ಡಬ್ಬಿ ಕೈಗಿಟ್ಟು ಕಳಿಸಿದರು. ಪ್ರಶಸ್ತಿಪತ್ರದಲ್ಲಿ ಹೆಸರು ಬರೆದದ್ದನ್ನೂ ನೋಡಬೇಕು. 'ಶ್ರೀಮತಿ' ಇಂಥವರು, 'ಕೋಂ' ಇಂಥವರು. ಗಂಡನ ಹೆಸರು ಎರಡು ಇನಿಷಿಯಲ್ ಸಮೇತ ಸರಿಯಾಗಿತ್ತು. ಹೆಂಡತಿಯ ಹೆಸರಿನಲ್ಲಿ ಕಾಗುಣಿತ ತಪ್ಪಿತ್ತು.

ಮೇಳದಲ್ಲಿ ಇಲಾಖೆಯವರ ಮಳಿಗೆಯೂ ಇತ್ತು. 2020ರಲ್ಲಿ ಶುರುವಾದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಶೇ 35 ಸಹಾಯಧನ, ಅದರ ಮೇಲೆ ರಾಜ್ಯದ್ದು ಶೇ 15. ಕಾಗದದ ಮೇಲೆ ಒಳ್ಳೆಯ ಯೋಜನೆ, ಅದರಲ್ಲಿ ನನಗೆ ಸಂಶಯವಿಲ್ಲ. 'ಒಂದು ಜಿಲ್ಲೆ ಒಂದು ಉತ್ಪನ್ನ' ಎಂಬ ಪಟ್ಟಿ ಮಾಡಿ, ಸಾಗರ, ಹೊಸನಗರಗಳಂಥ ಮಿಡಿಯ ಸೀಮೆಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಶಿವಮೊಗ್ಗ ಜಿಲ್ಲೆಗೆ ಇವರು ಬರೆದದ್ದು ಅನಾನಸು. ಇರಲಿ, ಅನಾನಸೂ ಇಲ್ಲಿ ಬೆಳೆಯುತ್ತದೆ. ಆದರೆ ಸಹಾಯಧನ ಬರುವುದು ಸಾಲದ ಬೆನ್ನಿಗೆ. ಸಾಲಕ್ಕೆ ಯೋಜನಾ ವರದಿ ಬೇಕು, ಜಾಗದ ಕಾಗದ ಬೇಕು. ಜಾಗ ಯಾರ ಹೆಸರಲ್ಲಿದೆ? 'ಕೋಂ' ಆದಮೇಲೆ ಬರುವವರ ಹೆಸರಲ್ಲಿ.

ವೇದಿಕೆಯಲ್ಲಿ ಅಪ್ಪೆಮಿಡಿಯ ಉಳಿವಿನ ಬಗ್ಗೆಯೂ ಒಬ್ಬರು ಕಣ್ಣೀರು ಹಾಕಿದರು. ಜಿಐ ಮಾನ್ಯತೆ ಸಿಕ್ಕಿ ದಶಕ ದಾಟಿದೆ. ಮಾನ್ಯತೆ ಸಿಕ್ಕಿತು, ಬೆಲೆ ಬಂತು, ಬೆಲೆಯ ಬೆನ್ನಿಗೆ ಕತ್ತಿಯೂ ಬಂತು. ಹೊಳೆದಂಡೆಯ ಕಾಡುಮರಕ್ಕೆ ಹಗ್ಗ ಕಟ್ಟಿ ಹತ್ತಿ, ಗೊಂಚಲು ಗೊಂಚಲಾಗಿ ಇಳಿಸುವ ತಾಳ್ಮೆ ಯಾರಿಗಿದೆ? ಕೊಂಬೆಯನ್ನೇ ಕಡಿದು ಕೆಡವಿದರೆ ಕೆಲಸ ಬೇಗ. ಮುಂದಿನ ವರ್ಷ ಆ ಕೊಂಬೆ ಇರುವುದಿಲ್ಲ, ಅಷ್ಟೇ. ಪೇಟೆಯಲ್ಲಿ ಮಿಡಿಯನ್ನು ಎಣಿಸಿ ಮಾರುತ್ತಾರೆ. ಕೊಂಬೆಯನ್ನು ಎಣಿಸುವವರಿಲ್ಲ. ಅನಂತಭಟ್ಟನ ಅಪ್ಪೆ ಯಾವುದು, ಮಾಳಂಜಿ ಯಾವುದು, ಜೀರಿಗೆ ಮಿಡಿ ಯಾವುದು ಎಂದು ಮೂಸಿಯೇ ಹೇಳುವ ಹೆಂಗಸರು ಆ ಶಾಮಿಯಾನದಲ್ಲಿ ಇದ್ದರು. ಸಂರಕ್ಷಣೆಯ ಬಗ್ಗೆ ಅವರನ್ನು ಯಾರೂ ಮಾತಾಡಲು ಕರೆಯಲಿಲ್ಲ. ಅವರಿಗೆ ಹಪ್ಪಳ ಕರಿಯುವುದಿತ್ತು.

ಎಲ್ಲವನ್ನೂ ಸಂಘಟಕರ ತಲೆಗೆ ಕಟ್ಟುವುದೂ ಸರಿಯಲ್ಲ. ಮನೆಯಲ್ಲಿ ನಾವೇನು ಕಡಿಮೆ? ತಿಂಗಳಲ್ಲಿ ಮೂರು ದಿನ ಅವಳು ಜಾಡಿ ಮುಟ್ಟಿದರೆ ಕೆಡುತ್ತದೆ ಎನ್ನುವ ಮನೆಗಳು ಇನ್ನೂ ಇವೆ. ಮಿಕ್ಕ ದಿನ ಅವಳಲ್ಲದೆ ಬೇರೆ ಯಾರೂ ಮುಟ್ಟುವುದಿಲ್ಲ ಎಂಬುದು ಯಾರಿಗೂ ಹೊಳೆದಿಲ್ಲ. ಏಪ್ರಿಲ್ ಬಿಸಿಲಲ್ಲಿ ಸಂಡಿಗೆ ತಿರುವಿಹಾಕಲು ಕರೆದರೆ ಫೋನಿನಿಂದ ತಲೆ ಎತ್ತದ ಮಗ, ಬೆಂಗಳೂರಿಗೆ ಹೊರಡುವಾಗ ಎರಡು ಬಾಟಲಿ ಮಿಡಿ ಮರೆಯದೆ ಒಯ್ಯುತ್ತಾನೆ. ಅಲ್ಲಿ ಗೆಳೆಯರ ಮುಂದೆ 'ಅಮ್ಮನ ಕೈರುಚಿ' ಎಂದು ಫೋಟೊ ಹಾಕುತ್ತಾನೆ. ಅಮೆರಿಕದಲ್ಲಿರುವವನು ಸೂಟ್‌ಕೇಸಿನಲ್ಲಿ ಎಣ್ಣೆ ಸೋರಿತು ಎಂದು ಬೈಯುತ್ತಾನೆ. ನಮ್ಮ ಮಿಡಿಗೆ ಎಣ್ಣೆಯನ್ನೇ ಹಾಕುವುದಿಲ್ಲ ಎಂದು ಅವನಿಗೆ ಇಷ್ಟು ವರ್ಷ ತಿಂದರೂ ಗೊತ್ತಾಗಿಲ್ಲ.

ಇನ್ನು ಸಂಘಟಕರಿಗೆ ಒಂದೆರಡು ಮಾತು. ಬರುವ ವರ್ಷವೂ ಮೇಳ ಮಾಡುತ್ತೀರಿ, ಬೇಡ ಎಂದರೂ ಮಾಡುತ್ತೀರಿ. ಮಾಡಿ. ಉಪ್ಪಿನಕಾಯಿ ಸ್ಪರ್ಧೆಗೆ ಮಾತ್ರ ಹೋದ ವರ್ಷದ ಜಾಡಿ ತರಲು ಹೇಳಿ. ಹೂವು, ಹಂಸ ಏನೂ ಬೇಡ. ತೀರ್ಪುಗಾರರಿಗೆ ಮೊಸರನ್ನ ಬಡಿಸಿ, ಜಾಡಿಯ ಬಟ್ಟೆ ಅವರೆದುರೇ ಬಿಚ್ಚಿಸಿ. ಅಂದು ಹಪ್ಪಳ ಕರಿಯುವ ಕೆಲಸ ಘನ ಉಪಸ್ಥಿತರು ಮಾಡಲಿ. ಟೇಬಲ್ಲುಗಳು ಅರ್ಧಕ್ಕರ್ಧ ಖಾಲಿಯಾಗುತ್ತವೆ, ಪ್ರಥಮ ಬಹುಮಾನ ಪಡೆದವರು ಆ ಕಡೆ ತಲೆ ಹಾಕುವುದಿಲ್ಲ. ಉಳಿದ ಜಾಡಿಗಳಲ್ಲಿ ಯಾವುದು ಗೆದ್ದಿತು ಎಂದು ಹೇಳಲು ಮೈಕು ಬೇಕಾಗುವುದಿಲ್ಲ. ಬೂಷ್ಟು ಬಂದಿದ್ದರೆ ಬ್ಯಾಂಕಿನವರ ಮೂಗಿಗೂ ಗೊತ್ತಾಗುತ್ತದೆ.