ಕೊಳ್ಳುವುದಾದರೆ ಕ್ಲಿಪ್ ನೋಡಿ, ಮೇಷ್ಟ್ರೇ

ಬನ್ನಿ ಮೇಷ್ಟ್ರೇ, ಈ ಕಡೆ ನೆರಳಿದೆ, ಕಾಂಪೌಂಡಿಗೆ ಒರಗಿಕೊಂಡೇ ಮಾತಾಡೋಣ. ಬೆಳಿಗ್ಗೆ ನಿಮ್ಮ ಕಾರು ಬರೀ ಕಟಕಟ ಅಂದದ್ದು ನಮ್ಮ ಅಡುಗೆಮನೆವರೆಗೂ ಕೇಳಿಸಿತು. ಅದು ಬ್ಯಾಟರಿ ಇಳಿದಾಗ ಬರೋ ಸದ್ದು. ಜಂಪ್ ಸ್ಟಾರ್ಟರ್ ತರಿಸಿಕೊಳ್ಳಿ ಅಂತ ಮಗಳು ಫೋನಿನಲ್ಲಿ ಹೇಳಿದಳಂತೆ, ಸರಿಯಾಗಿಯೇ ಹೇಳಿದ್ದಾಳೆ. ಆರ್ಡರ್ ಮಾಡೋ ಮುಂಚೆ ನನ್ನ ಮಾತೂ ಸ್ವಲ್ಪ ಕೇಳಿ.

ನಿಮ್ಮ ಹಳೇ ಕಾರಿಗೆ ಇದೆಲ್ಲ ಬೇಕಿರಲಿಲ್ಲ. ಕೀ ತಿರುಗಿಸಿ ಎರಡನೇ ಗೇರಿಗೆ ಹಾಕಿ ಕ್ಲಚ್ ಒತ್ತಿ ಕೂತರೆ ಬೀದಿಯ ಹುಡುಗರು ಬಂದು ತಳ್ಳೋರು. ಕಾರು ಓಟ ಹಿಡಿದಾಗ ಕ್ಲಚ್ ಬಿಟ್ಟರೆ ಸಾಕು, ಇಂಜಿನ್ ಹತ್ತಿಕೊಳ್ಳುತ್ತಿತ್ತು. ಈಗಿನದು ಆಟೊಮ್ಯಾಟಿಕ್, ಎಷ್ಟು ಜನ ತಳ್ಳಿದರೂ ಸ್ಟಾರ್ಟ್ ಆಗಲ್ಲ. ಜಂಪರ್ ಕೇಬಲ್ ಇಟ್ಟುಕೊಂಡರೆ ಪಕ್ಕಕ್ಕೆ ಇನ್ನೊಂದು ಕಾರು ಬರಬೇಕು. ನಮ್ಮ ಬೀದಿಯಲ್ಲಾದರೆ ನಾನಿದ್ದೀನಿ. ರಾತ್ರಿ ಹೊತ್ತು ಶಿರಾಡಿ ಘಾಟಿಯಲ್ಲಿ ನಿಂತರೆ ಯಾರನ್ನು ಕೂಗ್ತೀರಿ? ಅದಕ್ಕೇ ಜಂಪ್ ಸ್ಟಾರ್ಟರ್ ಅನ್ನೋ ಆ ಪುಟ್ಟ ಬ್ಯಾಟರಿ ಡಬ್ಬಿ ಬೇಕು.

ಅದರ ಮೇಲೆ 2000 ಆಂಪ್, 3000 ಆಂಪ್ ಅಂತ ದಪ್ಪಕ್ಷರದಲ್ಲಿ ಹಾಕಿರ್ತಾರಲ್ಲ, ಅದನ್ನು ನಂಬಿ ದುಡ್ಡು ಕೊಡಬೇಡಿ. ಅದು ಪೀಕ್ ಕರೆಂಟ್, ಕಣ್ಣು ಮಿಟುಕಿಸೋ ಹೊತ್ತಿನ ಲೆಕ್ಕ. ಕಾರಿನ ಬ್ಯಾಟರಿಗೆ ಸಿಸಿಎ ಅಂತ ಒಂದು ಕಟ್ಟುನಿಟ್ಟಿನ ಅಳತೆ ಇದೆ: ಮೈನಸ್ 18 ಡಿಗ್ರಿ ಚಳಿಯಲ್ಲಿ 30 ಸೆಕೆಂಡ್ ಕರೆಂಟ್ ಕೊಡಬೇಕು, ವೋಲ್ಟೇಜ್ 7.2ಕ್ಕಿಂತ ಕೆಳಗೆ ಹೋಗಬಾರದು. ಪೀಕ್ ಆಂಪ್‌ಗೆ ಅಂಥ ಕಟ್ಟುಪಾಡಿಲ್ಲ. ಡಬ್ಬಿಯ ಹಿಂಬದಿ ಸಣ್ಣಕ್ಷರದಲ್ಲಿ 'ಸ್ಟಾರ್ಟಿಂಗ್ ಕರೆಂಟ್' ಅಂತ ಇರುತ್ತೆ, ಅದನ್ನು ಹುಡುಕಿ ಓದಿ. ಸಣ್ಣ ಪೆಟ್ರೋಲ್ ಇಂಜಿನ್ ತಿರುಗೋಕೆ ಹೆಚ್ಚುಕಮ್ಮಿ 100ರಿಂದ 200 ಆಂಪ್ ಬೇಕು, ಡೀಸೆಲ್ಲಿಗೆ ಅದರ ದುಪ್ಪಟ್ಟು. ನಿಮ್ಮ ಪೆಟ್ರೋಲ್ ಕಾರಿಗೆ 300–400 ಆಂಪ್ ಸ್ಟಾರ್ಟಿಂಗ್ ಕರೆಂಟ್ ಧಾರಾಳ ಸಾಕು.

ಎಂಎಎಚ್ ಲೆಕ್ಕವೂ ಹೀಗೇ ದಾರಿ ತಪ್ಪಿಸುತ್ತೆ. 20,000 ಎಂಎಎಚ್ ಅನ್ನೋದನ್ನು ಒಂದೊಂದು ಸೆಲ್ಲಿನ 3.7 ವೋಲ್ಟಿನಲ್ಲಿ ಎಣಿಸಿರ್ತಾರೆ. ಗುಣಿಸಿದರೆ 74 ವ್ಯಾಟ್ ಅವರ್. ಕಾರಿನ 12 ವೋಲ್ಟಿಗೆ ತಂದರೆ ಆರು ಆಂಪಿಯರ್ ಅವರ್ ಅಷ್ಟೇ. ಎರಡು ಡಬ್ಬಿ ಹೋಲಿಸೋದಿದ್ದರೆ ವ್ಯಾಟ್ ಅವರ್ ಹಿಡಿದು ಹೋಲಿಸಿ.

ನಾನು ಮೊದಲು ನೋಡೋದು ಕೇಬಲ್ಲು, ಕ್ಲಿಪ್ಪು. ಟ್ಯಾಂಕ್ ದೊಡ್ಡದಿದ್ದು ಪೈಪು ಸಣ್ಣದಾದರೆ ನಲ್ಲಿಯಲ್ಲಿ ನೀರು ಹೇಗೆ ಬರುತ್ತೆ ಅಂತ ನಿಮಗೆ ಗೊತ್ತಲ್ಲ, ಇಲ್ಲೂ ಹಾಗೇ. ಕೇಬಲ್ ದಪ್ಪಗಿರಬೇಕು, ಗಿಡ್ಡವಾಗಿರಬೇಕು, ಒಳಗೆ ತಾಮ್ರ ಇರಬೇಕು. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟು ಮಾರೋರಿದ್ದಾರೆ, ವಿಚಾರಿಸಿ. ಕ್ಲಿಪ್ಪಿನ ನಡುವೆ ಒಂದು ಪುಟ್ಟ ಪೆಟ್ಟಿಗೆ ಇರುತ್ತೆ, ಪ್ರಾಣ ಕಾಯೋದು ಅದು. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಕರೆಂಟ್ ಬಿಡಲ್ಲ, ಕ್ಲಿಪ್ಪುಗಳು ಒಂದಕ್ಕೊಂದು ತಾಗಿದರೂ ಬಿಡಲ್ಲ. ಈ ರಕ್ಷಣೆ ಇಲ್ಲದ್ದು ಅರ್ಧ ಬೆಲೆಗೆ ಸಿಕ್ಕರೂ ಬೇಡ. ಕೆಲವದರಲ್ಲಿ 'ಬೂಸ್ಟ್' ಅಂತ ಬಟನ್ ಇರುತ್ತೆ. ಬ್ಯಾಟರಿ ಪೂರ್ತಿ ಸತ್ತು, ಕ್ಲಿಪ್ಪಿಗೆ ಅದು ಇದೆಯೋ ಇಲ್ಲವೋ ಗೊತ್ತಾಗದಾಗ ಒತ್ತೋದು ಅದನ್ನು. ಸಾಮಾನ್ಯವಾಗಿ ಆ ಬಟನ್ ಒತ್ತಿದ ಮೇಲೆ ರಕ್ಷಣೆ ಇರಲ್ಲ. ಕೆಂಪು ಪ್ಲಸ್ಸಿಗೇ ಕಚ್ಚಿದೆಯಾ ಅಂತ ಎರಡು ಸಲ ನೋಡಿಯೇ ಒತ್ತಬೇಕು.

ಮೇಡಂ ಕರೀತಿದ್ದಾರಾ? ಇನ್ನೈದು ನಿಮಿಷ ಅಂತ ಹೇಳಿ, ಮುಖ್ಯವಾದದ್ದು ಈಗ ಬರ್ತಿದೆ.

ಬಿಸಿಲು! ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 60–70 ಡಿಗ್ರಿವರೆಗೂ ಕಾಯುತ್ತೆ. ಡಬ್ಬಿಯೊಳಗಿರೋದು ಲಿಥಿಯಂ. ಅಷ್ಟು ಬಿಸಿಗೆ ಅದು ಉಬ್ಬುತ್ತೆ, ಆಯಸ್ಸು ಕಳಕೊಳ್ಳುತ್ತೆ, ಬೆಂಕಿಯ ಅಪಾಯವೂ ಇದೆ. ರಾಯಚೂರು, ಕಲಬುರಗಿ ಕಡೆಯವರಂತೂ ಏಪ್ರಿಲ್–ಮೇನಲ್ಲಿ ಅದನ್ನು ಕಾರಿನಲ್ಲಿ ಬಿಡಲೇಬಾರದು. ಮನೆಯಲ್ಲಿಟ್ಟು, ದೂರ ಹೊರಟಾಗ ನೀರಿನ ಬಾಟಲಿ ಜೊತೆ ಒಯ್ಯಿರಿ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಇರೋದು ಸಿಕ್ಕರೆ ಅದನ್ನೇ ಆರಿಸಿ. ತೂಕ ಸ್ವಲ್ಪ ಜಾಸ್ತಿ, ಆದರೆ ಬಿಸಿಯನ್ನು ಚೆನ್ನಾಗಿ ತಡಕೊಳ್ಳುತ್ತೆ. ಯಾವುದೇ ಆಗಲಿ, ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ಖಾಲಿ ಡಬ್ಬಿ ಹೊತ್ತು ತಿರುಗಿ ಏನು ಪ್ರಯೋಜನ?

ಬಳಸೋದು ಸುಲಭ. ಕೆಂಪನ್ನು ಪ್ಲಸ್ಸಿಗೆ ಕಚ್ಚಿಸಿ. ಕಪ್ಪನ್ನು ಎಲ್ಲಿಗೆ ಹಾಕಬೇಕು ಅಂತ ಕಾರಿನ ಕೈಪಿಡಿಯಲ್ಲಿ ಬರೆದಿರುತ್ತೆ. ಬಹುಪಾಲು ಕಾರುಗಳಲ್ಲಿ ಇಂಜಿನ್ನಿನ ಬಣ್ಣ ಬಳಿಯದ ಲೋಹಕ್ಕೆ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತೆ, ಅದರ ಹತ್ತಿರ ಕಿಡಿ ಹಾರಬಾರದು. ಸೆಲ್ಫ್ ಐದು ಸೆಕೆಂಡಿಗಿಂತ ಹೆಚ್ಚು ಹೊಡೀಬೇಡಿ. ಹತ್ತಲಿಲ್ಲ ಅಂದರೆ ಅರ್ಧ ನಿಮಿಷ ಬಿಟ್ಟು ಮತ್ತೆ ನೋಡಿ. ಸ್ಟಾರ್ಟ್ ಆದ ಕೂಡಲೇ ಕ್ಲಿಪ್ ತೆಗೆದುಬಿಡಿ.

ಬಾನೆಟ್ ತೆಗೆದಾಗ ಟರ್ಮಿನಲ್ ಮೇಲೂ ಕಣ್ಣು ಹಾಯಿಸಿ. ಬಿಳಿ ಹಸಿರು ಪುಡಿ ಕಟ್ಟಿದ್ದರೆ ಕರೆಂಟ್ ಸರಿಯಾಗಿ ಹರಿಯಲ್ಲ. ಕೈಗವಸು ಹಾಕಿಕೊಂಡು ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಉಜ್ಜಿದರೆ ಹೋಗುತ್ತೆ. ನನ್ನ ಹತ್ತಿರ ಮೀಟರ್ ಇದೆ, ಸಂಜೆ ತರ್ತೀನಿ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತೆ. 12ಕ್ಕೆ ಇಳಿದಿದ್ದರೆ ಅದರಲ್ಲಿ ಬಹಳ ಉಳಿದಿಲ್ಲ ಅಂತ ಅರ್ಥ. ಇಂಜಿನ್ ಓಡುವಾಗ 14ರ ಆಸುಪಾಸು ಬರಬೇಕು. ಬರದಿದ್ದರೆ ಆಲ್ಟರ್ನೇಟರ್ ಕಡೆಯೋ ಬೆಲ್ಟಿನ ಕಡೆಯೋ ತೊಂದರೆ ಇರುತ್ತೆ, ಅದನ್ನು ಗ್ಯಾರೇಜಿನಲ್ಲೇ ನೋಡಿಸಬೇಕು.

ನಮ್ಮ ಸೆಕೆಗೆ ಬ್ಯಾಟರಿ ಮೂರರಿಂದ ಐದು ವರ್ಷ ಬಂದರೆ ಹೆಚ್ಚು. ನಿಮ್ಮದರ ಮೇಲೆ ತಾರೀಖು ಇರುತ್ತೆ, ಈಗಲೇ ಹೋಗಿ ನೋಡಿ. ನಾಲ್ಕು ವರ್ಷ ದಾಟಿದ್ದರೆ ಮೊದಲು ಹೊಸ ಬ್ಯಾಟರಿ ಹಾಕಿಸಿ ಮೇಷ್ಟ್ರೇ, ಜಂಪ್ ಸ್ಟಾರ್ಟರ್ ಮುಂದಿನ ತಿಂಗಳು ತಗೊಂಡರಾಯಿತು.