ಓನರ್ ಅಂಕಲ್ ಮತ್ತು ಎಪ್ಪತ್ತು ಚದರಡಿ

ಬೆಂಗಳೂರಿನಲ್ಲಿ ದೇವರ ಹೆಸರಿನ ಪಕ್ಕ 'ಲಕ್ಷುರಿ' ಎಂಬ ಪದ ಕಂಡರೆ ಅದು ಪಿಜಿ ಎಂದು ತಿಳಿಯಬೇಕು. ಬೋರ್ಡಿನಲ್ಲಿ ದೇವರು ಮೊದಲು, ಲಕ್ಷುರಿ ಆಮೇಲೆ, ವೈಫೈ, ಬಿಸಿನೀರು, ಮೂರು ಹೊತ್ತಿನ ಊಟ ಕೊನೆಗೆ. ಒಳಗೆ ಹೋದವರಿಗೆ ಈ ಪಟ್ಟಿಯಲ್ಲಿ ಖಾತ್ರಿಯಾಗಿ ಸಿಗುವವನು ದೇವರೊಬ್ಬನೇ. ಮೆಟ್ಟಿಲ ಕೆಳಗಿನ 'ರಿಸೆಪ್ಷನ್' ಮೇಜಿನ ಮೇಲೆ ಮಿಣಮಿಣ ಬಲ್ಬಿನ ಸಮೇತ ಕೂತಿರುತ್ತಾನೆ. ಅವನ ಬಲಗಡೆ ಓನರ್ ಅಂಕಲ್.

ಅಂಕಲ್ ಹುಟ್ಟಾ ವ್ಯಾಪಾರಿ ಅಲ್ಲ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಲೇಔಟ್ ಆಯಿತು. ಪಾಲಿಗೆ ಬಂದ ಮೂವತ್ತು-ನಲವತ್ತರ ಸೈಟಿನಲ್ಲಿ ಮಗ ಮಂಚ ಬೆಳೆಯಲು ಶುರುಮಾಡಿದರು. ರಾಗಿಗೆ ಮಳೆ ಬೇಕಿತ್ತು, ಮಂಚಕ್ಕೆ ಐಟಿ ಕಂಪನಿ ಇದ್ದರೆ ಸಾಕು. ಸಾಲಿನಿಂದ ಸಾಲಿಗೆ ಎಷ್ಟು ಅಂತರ ಬಿಡಬೇಕೆಂಬುದು ಅಪ್ಪನಿಗೆ ಗೊತ್ತಿತ್ತು. ಆ ವಿದ್ಯೆ ಮಾತ್ರ ಮಗನಿಗೆ ಹತ್ತಲಿಲ್ಲ.

ಓದಿದ್ದು ಪಿಯುಸಿವರೆಗೆ. ಆದರೆ ತಮಗೆ ಸಂಬಂಧಪಟ್ಟ ಕಾಯ್ದೆ ಮಾತ್ರ ನಾಲಿಗೆಯ ತುದಿಯಲ್ಲಿದೆ. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ, ತಿಂಗಳಿಗೆ ತಲಾ 20,000 ರೂಪಾಯಿ ಒಳಗಿನ ಹಾಸ್ಟೆಲ್ ಬಾಡಿಗೆಗೆ, ಸತತ 90 ದಿನ ಉಳಿದರೆ ತೆರಿಗೆ ಇಲ್ಲ ಎಂದಿತಲ್ಲ, ಅದು ಅಂಕಲ್‌ಗೆ ಬಾಯಿಪಾಠ. ಎರಡೇ ತಿಂಗಳಿಗೆ ಖಾಲಿ ಮಾಡುತ್ತೇನೆ ಎಂದ ಹುಡುಗನನ್ನು ಕೂರಿಸಿಕೊಂಡು, ಮಂಡಳಿಯ ಆಶಯವನ್ನು ಅವನು ಹೇಗೆ ಭಂಗ ಮಾಡುತ್ತಿದ್ದಾನೆಂದು ವಿವರಿಸಿ, ಅಡ್ವಾನ್ಸ್ ಹಿಡಿದಿಟ್ಟುಕೊಳ್ಳುತ್ತಾರೆ. ಗೋಡೆಗೆ ಬಣ್ಣ ಹೊಡೆಸುವ ಖರ್ಚು ಅದರಲ್ಲೇ ಕಡಿತ. ಆ ಬಣ್ಣವನ್ನು ಕಣ್ಣಾರೆ ಕಂಡವರು ಇಲ್ಲ.

ಇಷ್ಟೇ ಹೇಳಿ ನಿಲ್ಲಿಸಿದರೆ ಅನ್ಯಾಯವಾದೀತು. ಬ್ಯಾಚುಲರ್ ಎಂದರೆ ಬಾಗಿಲು ಹಾಕಿಕೊಳ್ಳುವ, ಕೊಟ್ಟರೂ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಈ ಊರಿನಲ್ಲಿ, ಒಂದು ಸೂಟ್‌ಕೇಸ್ ಹಿಡಿದು ಮೆಜೆಸ್ಟಿಕ್‌ನಲ್ಲಿ ಇಳಿದವರನ್ನು ಜಾತಿ ಕೇಳದೆ ಒಳಗೆ ಬಿಟ್ಟುಕೊಂಡವರು ಇಂಥ ಅಂಕಲ್‌ಗಳೇ. ಡೆಂಗಿ ಬಂದ ಹುಡುಗನನ್ನು ರಾತ್ರಿ ಎರಡು ಗಂಟೆಗೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದವರೂ ನಮ್ಮ ಅಂಕಲ್ಲೇ. ಅವನು ಗುಣವಾಗಿ ಬಂದಾಗ ಅವನ ಮಂಚದಲ್ಲಿ ಇನ್ನೊಬ್ಬ ಮಲಗಿದ್ದ, ಅದು ಬೇರೆ ಮಾತು.

2024ರ ಜುಲೈನಲ್ಲಿ ಕೋರಮಂಗಲದ ಪಿಜಿಯೊಂದಕ್ಕೆ ನುಗ್ಗಿದವನೊಬ್ಬ ಅಲ್ಲಿದ್ದ ಯುವತಿಯನ್ನು ಕೊಂದ. ಊರು ಬೆಚ್ಚಿತು, ಪಾಲಿಕೆಯೂ ಎಚ್ಚೆತ್ತಿತು. ಮರುತಿಂಗಳೇ ಬಿಬಿಎಂಪಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿತು. ತಲಾ 70 ಚದರಡಿ ಜಾಗ, ದಿನಕ್ಕೆ ತಲಾ 135 ಲೀಟರ್ ನೀರು, ಸಿಸಿಟಿವಿ, ಹಗಲೂ ರಾತ್ರಿ ಕಾವಲು, ಅಡುಗೆಮನೆಯಿದ್ದರೆ ಮೂರು ತಿಂಗಳೊಳಗೆ ಎಫ್‌ಎಸ್‌ಎಸ್‌ಎಐ ಪರವಾನಗಿ, ಕಣ್ಣಿಗೆ ಕಾಣುವಂತೆ ಸಹಾಯವಾಣಿ 1533, ಆರು ತಿಂಗಳಿಗೊಮ್ಮೆ ಆರೋಗ್ಯಾಧಿಕಾರಿಗಳಿಂದ ತಪಾಸಣೆ. ಇದನ್ನು ಅಕ್ಷರಬಿಡದೆ ಓದಿದವರು ಇಬ್ಬರೇ ಇರಬೇಕು: ಬರೆದ ಅಧಿಕಾರಿ ಮತ್ತು ನಮ್ಮ ಅಂಕಲ್. ಯಾರ ಕ್ಷೇಮಕ್ಕೆಂದು ಬರೆದರೋ ಆ ಹುಡುಗರಿಗೆ ಇವತ್ತಿಗೂ ಸುದ್ದಿಯಿಲ್ಲ.

ತಪಾಸಣೆ ದಿಢೀರ್ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ. ಹೆಲ್ತ್ ಇನ್‌ಸ್ಪೆಕ್ಟರ್ ಪಾಪ ದಿಢೀರನೆಯೇ ಹೊರಡುತ್ತಾರೆ. ಆದರೆ ಓನರುಗಳದ್ದೊಂದು ವಾಟ್ಸಾಪ್ ಗ್ರೂಪು ಇದೆ. "ಸಾಹೇಬ್ರು ಗಾಡಿ ತೆಗೆದ್ರು", "ಮೂರನೇ ಕ್ರಾಸಲ್ಲಿ ಟೀ ಕುಡೀತಿದಾರೆ", "ಟೇಪು ತಂದವ್ರೆ". ಈ ಕೊನೆಯ ಸಂದೇಶ ಬಂದ ಕೂಡಲೇ ಅಂಕಲ್ ಎದ್ದು ಲುಂಗಿ ಬಿಟ್ಟು ಪ್ಯಾಂಟು ಹಾಕುತ್ತಾರೆ. ಮಂಚಗಳು ಟೆರೇಸಿಗೆ ಹತ್ತುತ್ತವೆ. ಅಡುಗೆಯ ಭಟ್ಟ ತಲೆಗೆ ಟೋಪಿ ಏರಿಸುತ್ತಾನೆ, ಅದರ ಬೆಲೆಯ ಚೀಟಿ ಕಿವಿಯ ಮೇಲೆ ನೇತಾಡುತ್ತಿರುತ್ತದೆ. ಇಸ್ತ್ರಿ ಅಂಗಡಿಯವನಿಗೆ ಒಂದು ಸೀಟಿ, ಒಂದು ನೀಲಿ ಶರ್ಟು ಕೊಟ್ಟು ಗೇಟಿನ ಬಳಿ ನಿಲ್ಲಿಸುವುದೂ ಆಗುತ್ತದೆ.

ಇನ್‌ಸ್ಪೆಕ್ಟರ್ ಒಳಗೆ ಬಂದರೆ ಅಂಕಲ್‌ದು ವಿನಯಪೂರ್ವಕ ಮೊದಲ ಪ್ರಶ್ನೆ: "ಸಾರ್ ತಾವು ಯಾವ ಪಾಲಿಕೆ?" ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆ ಆಯಿತಲ್ಲ, ಅಂದಿನಿಂದ ಇದೊಂದು ಹೊಸ ಅನುಕೂಲ. "ತಪ್ಪು ತಿಳ್ಕೋಬೇಡಿ. ಗೇಟು ಒಂದು ಪಾಲಿಕೆಗೆ, ಸಂಪು ಇನ್ನೊಂದಕ್ಕೆ ಅಂತಾರೆ, ಅದಕ್ಕೆ ಕೇಳ್ದೆ."

"ನಾನು ಎರಡನ್ನೂ ನೋಡ್ತೀನಿ, ನಡೀರಿ," ಎಂದು ಇನ್‌ಸ್ಪೆಕ್ಟರ್ ಮೆಟ್ಟಿಲು ಹತ್ತುತ್ತಾರೆ. ಒಳ್ಳೆಯ ಮನುಷ್ಯ. ಸಂಜೆಯೊಳಗೆ ಇಂಥ ಇನ್ನೂ ಹಲವು ಮೆಟ್ಟಿಲು ಹತ್ತಬೇಕು, ಮಂಡಿ ನೋವು ಬೇರೆ.

ಕೋಣೆ ಉದ್ದ ಹನ್ನೆರಡು, ಅಗಲ ಹತ್ತು. ಒಟ್ಟು 120 ಚದರಡಿ. ಟೆರೇಸಿಗೆ ಹೋಗಿದ್ದು ಮಂಚಗಳು ಮಾತ್ರ, ಗೋಡೆಗೆ ನೇತುಹಾಕಿದ್ದ ಮೂರು ಟವೆಲು ಅಲ್ಲೇ ಉಳಿದಿದ್ದವು.

"ಮೂರು ಜನ ಅಂದ್ರೆ 210 ಅಡಿ ಬೇಕಾಗುತ್ತೆ. ತೊಂಬತ್ತು ಎಲ್ರೀ?"

ಇದಕ್ಕಾಗಿಯೇ ಕಾಯುತ್ತಿದ್ದವರಂತೆ ಅಂಕಲ್ ಕೈಕಟ್ಟಿ ನಿಂತರು. "ಸಾರ್, ತಲೆ ಎಣಿಸಬೇಡಿ, ಲೆಕ್ಕ ನೋಡಿ. ಒಬ್ಬ ಡೇ ಶಿಫ್ಟು, ಒಬ್ಬ ನೈಟ್ ಶಿಫ್ಟು. ಇವನು ಬರೋ ಹೊತ್ತಿಗೆ ಅವನು ಹೋಗಿರ್ತಾನೆ. ಒಂದೇ ರೂಮಲ್ಲಿದ್ದು ವರ್ಷವಾಯ್ತು, ಒಬ್ಬರ ಮುಖ ಒಬ್ಬರು ನೋಡಿಲ್ಲ. ಅಲ್ಲಿಗೆ ಇಬ್ಬರೂ ಸೇರಿ ಒಬ್ಬ. ಮೂರನೆಯವನು ತುಮಕೂರಿನೋನು. ಅರ್ಧ ವಾರ ವರ್ಕ್ ಫ್ರಮ್ ಹೋಮು, ಅಮ್ಮನ ಹತ್ರ. ಅವನದ್ದು ಅರ್ಧ. ಒಟ್ಟು ಒಂದೂವರೆ. 120ನ್ನ ಒಂದೂವರೆಯಿಂದ ಭಾಗಿಸಿ. ಎಂಬತ್ತು ಬಂತಾ? ಸರ್ಕಾರ ಎಪ್ಪತ್ತು ಅಂದಿದೆ, ನಾನು ಹತ್ತು ಅಡಿ ಜಾಸ್ತಿಯೇ ಕೊಟ್ಟಿದೀನಿ. ಅದಕ್ಕೇನೂ ಚಾರ್ಜ್ ಮಾಡಿಲ್ಲ."

ಇನ್‌ಸ್ಪೆಕ್ಟರ್ ಟೇಪನ್ನು ಮೆಲ್ಲಗೆ ಸುತ್ತಿಕೊಂಡರು. ಭಾಗಾಕಾರ ಸರಿಯಾಗಿತ್ತು, ಅದೇ ತೊಂದರೆ.

ನೀರಿನ ವಿಚಾರದಲ್ಲಿ ಅಂಕಲ್ ವೈದ್ಯರಾಗುತ್ತಾರೆ. 135 ಲೀಟರ್ ಎಂದರೆ ಹದಿನೈದು ಲೀಟರಿನ ಒಂಬತ್ತು ಬಕೆಟ್. "ದಿನಾ ಒಂಬತ್ತು ಬಕೆಟ್ ಮೈಗೆ ಸುರ್ಕೊಂಡ್ರೆ ನೆಗಡಿ ಆಗಲ್ವಾ ಸಾರ್? ಹುಡುಗರ ಆರೋಗ್ಯ ನನ್ನ ಜವಾಬ್ದಾರಿ." 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕೂತಿದ್ದು, ಕುಡಿಯುವ ನೀರಲ್ಲಿ ಕಾರು ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಹಾಕಿದ್ದು ಎಲ್ಲವನ್ನೂ ನೆನಪಿಸುತ್ತಾರೆ. ಅಂಕಲ್ ಪ್ರಕಾರ ಹುಡುಗರು ಕಾರಿಗಿಂತ ದೊಡ್ಡವರಲ್ಲ. ಗೀಸರಿನ ಸ್ವಿಚ್ಚು ಇರುವುದು ಅಂಕಲ್ ಬೆಡ್‌ರೂಮಿನಲ್ಲಿ. ಬೆಳಿಗ್ಗೆ ಆರರಿಂದ ಏಳೂವರೆ.

ಅಡುಗೆಮನೆಯಲ್ಲಿ ಪರವಾನಗಿ ಗಾಜಿನ ಚೌಕಟ್ಟಿನಲ್ಲಿದೆ, ಲಕ್ಷ್ಮೀ ಪಟದ ಪಕ್ಕ, ಕುಂಕುಮದ ಸಮೇತ. ಅದು ಕೈಗೆ ಬರುವ ಮುನ್ನ ಒಮ್ಮೆ ಹದಿನಾಲ್ಕು ಅಂಕಿಯ ನಂಬರ್ ಕೇಳಿದ್ದಕ್ಕೆ ಅಂಕಲ್ ತಡವರಿಸದೆ ಪಟಪಟನೆ ಓದಿ ಹೇಳಿದ್ದರಂತೆ. ಓದಿದ್ದು ಉಪ್ಪಿನ ಪ್ಯಾಕೆಟ್ ನೋಡಿಕೊಂಡು ಎಂದು ಭಟ್ಟ ಹೇಳುತ್ತಾನೆ. ಅವನಿಗೆ ಸಂಬಳ ಬಾಕಿಯಿದೆ, ಎಲ್ಲವನ್ನೂ ನಂಬಬೇಕಿಲ್ಲ.

ಅಂದು ಪನೀರ್ ಮಾಡಿದ್ದರು. ಎಂದಿನ ಸಾರಿನಲ್ಲಿ ಟೊಮೆಟೊ ಹುಡುಕಲು ಇಳಿದ ಚಮಚ ಬರಿಗೈಯಲ್ಲಿ ಮೇಲೆ ಬರುತ್ತದೆ. ಇನ್‌ಸ್ಪೆಕ್ಟರ್ ರುಚಿ ನೋಡಿ, ತಲೆಯಾಡಿಸಿ, ಊಟಕ್ಕೆ ಕೂತಿದ್ದ ಬಾಗಲಕೋಟೆಯ ಹುಡುಗನನ್ನು ಕೇಳಿದರು. ಅಂಕಲ್ ಅವನ ಬೆನ್ನ ಹಿಂದೆಯೇ ನಿಂತು ಭುಜದ ಮೇಲೆ ಪ್ರೀತಿಯಿಂದ ಕೈಯಿಟ್ಟಿದ್ದರು.

"ಊಟ ಹೇಗಿದೆಯಪ್ಪಾ?"

"ಇವತ್ತ ಭಾಳ ಚಲೋ ಐತ್ರಿ ಸರ್."

"ದಿನಾ?"

"ದಿನಾ ನೀವು ಬರಂಗಿಲ್ಲಲ್ರಿ."

ಭುಜದ ಮೇಲಿನ ಪ್ರೀತಿ ಬಿಗಿಯಾಯಿತು. "ತಮಾಷೆ ಹುಡುಗ ಸಾರ್, ನಮ್ಮ ಮನೆ ಮಗ ಇದ್ದಂಗೆ," ಎಂದರು ಅಂಕಲ್.

ಸಹಾಯವಾಣಿಯ ಬೋರ್ಡು ಫ್ರಿಜ್ಜಿನ ಹಿಂದೆ ಸಿಕ್ಕಿತು. ಫ್ರಿಜ್ಜು ಸರಿಸಿದರೆ ಯಾರಿಗಾದರೂ ಕಾಣುತ್ತದೆ. ಸಿಸಿಟಿವಿ ಮಾತ್ರ ಮಾದರಿ. ನಿಯಮ ಕೇಳಿದ್ದು ಹೊರಗಿನಿಂದ ಬರುವವರ ಮೇಲೆ ನಿಗಾ ಇಡುವುದಕ್ಕೆ. ಅಂಕಲ್ ಒಂದು ಕ್ಯಾಮೆರಾವನ್ನು ಗೇಟಿಗೆ, ಇನ್ನೆರಡನ್ನು ಮೊಟ್ಟೆಯ ಟ್ರೇಗೆ ತಿರುಗಿಸಿದ್ದಾರೆ. ನೆಂಟರ ಮದುವೆಯ ಪಂಕ್ತಿಯಲ್ಲಿ ಕೂತೂ ಫೋನಿನಲ್ಲಿ ನೋಡಬಲ್ಲರು. ಹೋಳಿಗೆಗೆ ತುಪ್ಪ ಬಡಿಸುವ ಸದ್ದಿನ ನಡುವೆ ವಾಯ್ಸ್ ಮೆಸೇಜು ಬರುತ್ತದೆ: "302, ಎರಡನೇ ಮೊಟ್ಟೆ ಕೆಳಗಿಡು."

ಇನ್‌ಸ್ಪೆಕ್ಟರ್ ಕೊನೆಗೂ ನೋಟಿಸು ಬರೆದರು. ಮಂಚ ಕಡಿಮೆ ಮಾಡಿ, ಬೋರ್ಡು ಮುಂದೆ ಹಾಕಿ, ಕಾವಲುಗಾರನನ್ನು ನಿಜವಾಗಿ ನೇಮಿಸಿ. ಅಷ್ಟರಲ್ಲಿ ಕಾವಲುಗಾರ ಸೀಟಿ ವಾಪಸು ಕೊಟ್ಟು, ಯಾರದೋ ಪ್ಯಾಂಟು ಸುಟ್ಟ ವಾಸನೆ ಬರುತ್ತಿದೆಯೆಂದು ಅಂಗಡಿಗೆ ಓಡಿದ್ದ. ಅಂಕಲ್ ನೋಟಿಸಿಗೆ ಸಹಿ ಹಾಕಿ, ಕಣ್ಣಿಗೊತ್ತಿಕೊಂಡು ದೇವರ ಕಾಲಬುಡದಲ್ಲಿಟ್ಟರು.

ರಾತ್ರಿ ಪಿಜಿಯ ಗ್ರೂಪಿನಲ್ಲಿ ಸಂದೇಶ ಬಂತು. "ಪ್ರಿಯ ನಿವಾಸಿಗಳೇ, ನಿಮ್ಮ ಸುರಕ್ಷತೆಗಾಗಿ ಸರ್ಕಾರ ಕಠಿಣ ನಿಯಮ ತಂದಿದೆ. ಅದರಂತೆ ಕ್ಯಾಮೆರಾ, ಸೆಕ್ಯೂರಿಟಿ, ಫುಡ್ ಲೈಸೆನ್ಸ್ ಮಾಡಿಸಿದ್ದೇವೆ. ಆದ್ದರಿಂದ ಮುಂದಿನ ತಿಂಗಳಿಂದ ತಲಾ 700 ರೂಪಾಯಿ ಜಾಸ್ತಿ. ಸಹಕರಿಸಿ." ಕೆಳಗೆ ಕೈಮುಗಿದ ಚಿತ್ರ ಎರಡು, ಗುಲಾಬಿ ಒಂದು.

ಬಾಗಲಕೋಟೆಯವನು ಕೂಡಲೇ ಬರೆದ: "ಹಂಗಾರ ಪನೀರ್ ಕಾಯಂ ಏನ್ರಿ ಅಂಕಲ್?"

ಮರುಕ್ಷಣ, ಇನ್ನು ಮುಂದೆ ಈ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು ಎಂದು ತೋರಿಸಿತು.